ಹೆಬ್ಬೆಟ್ಟಿನ ಇಟ್ಟಿಗೆಗಳು: ಟಾಸ್ಮೇನಿಯಾದಲ್ಲಿ ಆರು ದಿನ

ಮೊದಲ ದಿನ: ಹೋಬಾರ್ಟ್

ಮೆಲ್ಬರ್ನಿನಲ್ಲಿರುವ ಮಗಳು ಆಸ್ಟ್ರೇಲಿಯಾದ ದ್ವೀಪರಾಜ್ಯ ಟಾಸ್ಮೇನಿಯಾಕ್ಕೆ ಟಿಕೆಟ್ ಮಾಡಿಸಿದಾಗ ನನ್ನಾಕೆ ಬಯಸಿದ್ದು ಲ್ಯಾವೆಂಡರ್ ತೋಟ, ನಾನು ಬಯಸಿದ್ದು ಸೇತುವೆಗಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವನಿಗೆ ಹೊಸ ಊರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಕಲ್ಲಿನ ಕೆತ್ತನೆ ಮತ್ತು ಗಾರೆಯ ಸಂದು. ದೇವಸ್ಥಾನಕ್ಕೆ ಹೋದರೂ ಮೊದಲು ಅಡಿಪಾಯ ನೋಡುತ್ತೇನೆಂದು ಮನೆಯಲ್ಲಿ ನಗುತ್ತಾರೆ. ಕಟ್ಟಿದವರಲ್ಲಿ ಬಹುಪಾಲು ಜನ ಕೈದಿಗಳಾಗಿದ್ದ ನಾಡನ್ನು ನೋಡುವ ಅವಕಾಶ ಬಂದಾಗ ತೋಟದ ವಿಷಯದಲ್ಲಿ ನಾನು ಹೆಚ್ಚು ವಾದಿಸದೆ, ಆರು ದಿನದ ಪಟ್ಟಿಯನ್ನು ಮಗಳ ಕೈಗೆ ಕೊಟ್ಟುಬಿಟ್ಟೆ. ಲ್ಯಾವೆಂಡರ್ ಹೂವಿನ ಕಾಲ ಹೇಗೂ ಮುಗಿದಿತ್ತು.

ಅಮೆರಿಕದ ವಸಾಹತುಗಳು ಸ್ವತಂತ್ರವಾದ ಮೇಲೆ ಬ್ರಿಟನ್ನಿಗೆ ತನ್ನ ಕೈದಿಗಳನ್ನು ಸಾಗಿಸಲು ಬೇರೆ ಜಾಗ ಬೇಕಾಯಿತು. 1788ರಲ್ಲಿ ಹನ್ನೊಂದು ಹಡಗುಗಳು ಸಿಡ್ನಿಯನ್ನು ಮುಟ್ಟಿದವು. 1803ರಲ್ಲಿ, ಆಗ ವ್ಯಾನ್ ಡೀಮನ್ಸ್ ಲ್ಯಾಂಡ್ ಎಂದು ಕರೆಯುತ್ತಿದ್ದ ಈ ದ್ವೀಪದ ರಿಸ್ಡನ್ ಕೋವ್ ಎಂಬಲ್ಲಿ ಮೊದಲ ಬಿಡಾರ ಬಿತ್ತು. ಮರುವರ್ಷ ಡೇವಿಡ್ ಕಾಲಿನ್ಸ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ನದಿಯ ಆಚೆ ದಂಡೆಗೆ, ಈಗಿನ ಹೋಬಾರ್ಟಿಗೆ ಬದಲಾಯಿಸಿದ. 1853ರಲ್ಲಿ ಸಾಗಣೆ ನಿಲ್ಲುವವರೆಗೆ 70,000ಕ್ಕೂ ಹೆಚ್ಚು ಗಂಡಸರು, ಹೆಂಗಸರು ಮತ್ತು ಹುಡುಗರು ಈ ದ್ವೀಪದಲ್ಲಿ ಇಳಿದರು. ನಾವು ಕರಿನೀರಿನ ಶಿಕ್ಷೆ ಎಂದೊಡನೆ ಅಂಡಮಾನನ್ನು ನೆನೆಯುತ್ತೇವೆ. ಪೋರ್ಟ್ ಬ್ಲೇರಿನ ಕೈದಿ ವಸಾಹತು ಶುರುವಾದದ್ದು 1858ರಲ್ಲಿ, ಇಲ್ಲಿಗೆ ಸಾಗಣೆ ನಿಂತು ಐದು ವರ್ಷಗಳಾದ ಮೇಲೆ.

ಊರಿನ ಹೆಸರುಗಳನ್ನು ಓದುತ್ತಾ ಹೋದಾಗ ನನಗೆ ಶ್ರೀರಂಗಪಟ್ಟಣದ ನೆನಪು ಬಂದದ್ದು ಆಕಸ್ಮಿಕವಲ್ಲ. ಊರಿಗೆ ಹೆಸರು ಕೊಟ್ಟ ಲಾರ್ಡ್ ಹೋಬಾರ್ಟ್ 1794ರಿಂದ 1798ರವರೆಗೆ, ಅಂದರೆ ಟಿಪ್ಪುವಿನ ಕಡೆಯ ವರ್ಷಗಳಲ್ಲಿ, ಮದರಾಸಿನ ಗವರ್ನರ್ ಆಗಿದ್ದವನು. ನಾವು ಇಳಿದುಕೊಂಡ ಮಕ್ವಾರಿ ಬೀದಿಯ ಹೆಸರಿನ ಲಾಕ್ಲನ್ ಮಕ್ವಾರಿ 1792 ಮತ್ತು 1799ರ ಶ್ರೀರಂಗಪಟ್ಟಣದ ಎರಡೂ ಮುತ್ತಿಗೆಗಳಲ್ಲಿದ್ದ ಸೇನಾಧಿಕಾರಿ. ಮುಂದೆ ನ್ಯೂ ಸೌತ್ ವೇಲ್ಸಿನ ಗವರ್ನರನಾಗಿ 1811ರಲ್ಲಿ ಇಲ್ಲಿಗೆ ಬಂದು, ಅಡ್ಡಾದಿಡ್ಡಿ ಬೆಳೆಯುತ್ತಿದ್ದ ಗುಡಿಸಲುಗಳ ನಡುವೆ ನೇರ ಬೀದಿಗಳ ನಕ್ಷೆ ಹಾಕಿಸಿದವನು. ನಮ್ಮ ಕೋಟೆ ಒಡೆದವನು ಇಲ್ಲಿ ಊರು ಕಟ್ಟಿಸಿದ್ದಾನೆ.

ಸಂಜೆ ಬಂದರಿನ ಬಳಿ, 2017ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಗಳನ್ನು ನೋಡಿದೆವು. ಹಡಗಿನಿಂದ ಇಳಿದು ನಡೆದು ಬರುತ್ತಿರುವ ಕೈದಿ ಹೆಂಗಸರು ಮತ್ತು ಒಂದು ಮಗು. ಗಾಳಿ ಬಲು ತಣ್ಣಗಿತ್ತು. ನನ್ನಾಕೆ ಶಾಲು ಬಿಗಿಯಾಗಿ ಹೊದ್ದುಕೊಂಡು, “ಈ ಕೂಸಿಗೆ ಕಾಲಿಗೇನೂ ಇಲ್ಲವಲ್ಲ” ಎಂದಳು.

ಎರಡನೆಯ ದಿನ: ಹೆಂಗಸರ ಫ್ಯಾಕ್ಟರಿ

ಕ್ಯಾಸ್ಕೇಡ್ಸ್ ಫೀಮೇಲ್ ಫ್ಯಾಕ್ಟರಿ ಇರುವುದು ಊರಿನ ದಕ್ಷಿಣಕ್ಕೆ, ಕುನಾನ್ಯಿ ಎಂಬ ಮೂಲ ಹೆಸರಿನ ವೆಲಿಂಗ್ಟನ್ ಬೆಟ್ಟದ ಬುಡದಲ್ಲಿ, ಹಳ್ಳದ ಪಕ್ಕದಲ್ಲಿ. ಮದ್ಯ ಬಟ್ಟಿ ಇಳಿಸಲು ಕಟ್ಟಿದ್ದ ಕಟ್ಟಡವನ್ನು ಸರ್ಕಾರ ಕೊಂಡು 1828ರಲ್ಲಿ ಇದನ್ನು ಹೆಂಗಸರ ಸೆರೆಮನೆ ಮಾಡಿತು, 1856ರವರೆಗೆ ನಡೆಯಿತು. ಜಾಗದ ಆಯ್ಕೆಯನ್ನು ನೋಡಿದ ಯಾವ ಇಂಜಿನಿಯರನೂ ತಲೆ ಚಚ್ಚಿಕೊಳ್ಳಬೇಕು. ಬೆಟ್ಟದ ನೆರಳಿನಿಂದಾಗಿ ಚಳಿಗಾಲದಲ್ಲಿ ಬಿಸಿಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಹಳ್ಳದ ತೇವ ಗೋಡೆಗೆ ಏರುತ್ತದೆ. ಅದೇ ತೇವದಲ್ಲಿ ಹಾಲೂಡುವ ತಾಯಂದಿರನ್ನೂ ಕೂಸುಗಳನ್ನೂ ಕಿಕ್ಕಿರಿದು ತುಂಬಿದ್ದರು. ಮಕ್ಕಳು ಎಷ್ಟು ಸತ್ತವೆಂದರೆ ಆ ಕಾಲದ ಹೋಬಾರ್ಟಿನ ಪತ್ರಿಕೆಗಳೇ ಗದ್ದಲ ಮಾಡಿದವು.

ಫ್ಯಾಕ್ಟರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಊರಿನ ಬಟ್ಟೆ ಒಗೆಯುವುದು, ಉಣ್ಣೆ ನೂಲುವುದು, ಹಳೆಯ ಹಡಗಿನ ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸುವುದು ಇಲ್ಲಿಯ ಕೆಲಸ. ಆದರೆ ಈ ಕಟ್ಟಡದ ಮುಖ್ಯ ಉಪಯೋಗ ಬೇರೆಯದು. ಇದು ವಸಾಹತುಗಾರರ ಮನೆಗಳಿಗೆ ಆಳುಗಳನ್ನು ಹಂಚುವ ಕಟ್ಟೆಯಾಗಿತ್ತು. ಹಡಗಿನಿಂದ ಇಳಿದ ಹೆಂಗಸನ್ನು ಮನೆಗೆಲಸಕ್ಕೆ ಒಬ್ಬ ಯಜಮಾನನಿಗೆ ಒಪ್ಪಿಸುತ್ತಿದ್ದರು; ಕುಡಿದರೆ, ಎದುರು ಮಾತಾಡಿದರೆ, ಓಡಿಹೋದರೆ ಮರಳಿ ಇಲ್ಲಿಗೆ, ‘ಅಪರಾಧ ವರ್ಗ’ದ ಅಂಗಳಕ್ಕೆ ಕಳುಹಿಸುತ್ತಿದ್ದರು. ಗರ್ಭಿಣಿಯಾದರೂ ಮರಳಿ ಇಲ್ಲಿಗೇ. ಆ ಗರ್ಭಕ್ಕೆ ಯಾರು ಕಾರಣ ಎಂಬ ಪ್ರಶ್ನೆಯನ್ನು ಯಜಮಾನನ ಮನೆಗೆ ಹೋಗಿ ಕೇಳಿದವರಿಲ್ಲ, ಶಿಕ್ಷೆ ಮಾತ್ರ ಹೆಂಗಸಿಗೆ. ಹಾಲು ಬಿಡಿಸಿದ ಮೇಲೆ ತಾಯಿಯನ್ನು ಮಗುವಿನಿಂದ ಬೇರ್ಪಡಿಸಿ ಕೆಲಸಕ್ಕೆ ಹಾಕುತ್ತಿದ್ದರು, ಬದುಕುಳಿದ ಮಗು ಮುಂದೆ ಅನಾಥಾಲಯ ಸೇರುತ್ತಿತ್ತು.

ಇಂದು ಕಟ್ಟಡಗಳಲ್ಲಿ ಬಹಳಷ್ಟು ಇಲ್ಲ, ಎತ್ತರದ ಕಲ್ಲಿನ ಗೋಡೆಗಳೂ ಮೂರು ಅಂಗಳಗಳೂ ಉಳಿದಿವೆ. ಆದರೆ ದಾಖಲೆ ಮಾತ್ರ ಬೇಕಾದಷ್ಟಿದೆ. 1824ರಿಂದ 1836ರವರೆಗೆ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಜಾರ್ಜ್ ಆರ್ಥರ್ ಪ್ರತಿ ಕೈದಿಯ ಹೆಸರಿಗೆ ಒಂದೊಂದು ಪುಟ ತೆರೆಸಿದ. ಎತ್ತರ, ಕೂದಲಿನ ಬಣ್ಣ, ಕಣ್ಣು, ಮಚ್ಚೆ, ಹಚ್ಚೆ, ಬಂದ ಹಡಗು, ತಪ್ಪು, ಆಮೇಲೆ ಇಲ್ಲಿ ಮಾಡಿದ ಪ್ರತಿ ಸಣ್ಣ ತಪ್ಪು ಮತ್ತು ಅದಕ್ಕೆ ಕೊಟ್ಟ ಶಿಕ್ಷೆ. ಈ ರಿಜಿಸ್ಟರುಗಳು ಈಗ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಯಲ್ಲಿವೆ. ಎನ್‌ಎಂಆರ್ ಎಂದು ನಾವು ಕರೆಯುತ್ತಿದ್ದ ದಿನಗೂಲಿಗಳ ಹಾಜರಿಪಟ್ಟಿಯನ್ನು ನಾನೂ ವರ್ಷಗಟ್ಟಲೆ ಬರೆಸಿದ್ದೇನೆ. ಅದರಲ್ಲಿ ಹೆಸರು, ತಂದೆಯ ಹೆಸರು, ದಿನಗಳು, ದರ, ಕೊನೆಯಲ್ಲಿ ಹೆಬ್ಬೆಟ್ಟು. ಇಲ್ಲಿಯ ಪುಟದಲ್ಲಿ ದೇಹದ ಗುರುತು ನಮ್ಮ ಪಟ್ಟಿಗಿಂತ ಹತ್ತು ಪಾಲು ಹೆಚ್ಚು ಇದೆ, ದರದ ಕಾಲಂ ಇಲ್ಲ.

ಮೂರನೆಯ ದಿನ: ರಿಚ್‌ಮಂಡ್, ಈಗಲ್‌ಹಾಕ್ ನೆಕ್

ಕೋಲ್ ನದಿಯ ಮೇಲಿನ ರಿಚ್‌ಮಂಡ್ ಸೇತುವೆ 1823ರಲ್ಲಿ ಶುರುವಾಗಿ 1825ರಲ್ಲಿ ಮುಗಿಯಿತು; ಆಸ್ಟ್ರೇಲಿಯಾದಲ್ಲಿ ಇಂದಿಗೂ ಬಳಕೆಯಲ್ಲಿರುವ ಕಲ್ಲು ಸೇತುವೆಗಳಲ್ಲಿ ಇದೇ ಅತ್ಯಂತ ಹಳೆಯದು. ಬಾತುಕೋಳಿಗಳು ಈಜುವ ನೀರು, ಹುಲ್ಲಿನ ದಂಡೆ, ಮರಳುಗಲ್ಲಿನ ಕಮಾನು; ಎಲ್ಲರೂ ಫೋಟೋ ತೆಗೆಯುವ ಜಾಗ. ನಾನು ಕೆಳಗಿಳಿದು ಕಮಾನಿನ ಹೊಟ್ಟೆ ನೋಡಿದೆ. ಇದಕ್ಕಿಂತ ಸ್ವಲ್ಪ ಹಿಂದೆ, 1804ರಲ್ಲಿ, ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಮಾನಿಲ್ಲ. ನಮ್ಮಲ್ಲಿ ಗಟ್ಟಿ ಕರಿಗಲ್ಲಿದೆ. ಕಂಬ ನಿಲ್ಲಿಸಿ ತೊಲೆ ಹೊದಿಸಿದರೆ ಸಾಕು. ಇಲ್ಲಿಯ ಮರಳುಗಲ್ಲಿಗೆ ಬಾಗುವ ಶಕ್ತಿಯಿಲ್ಲದ್ದರಿಂದ ಕಮಾನು ಕಟ್ಟಿ ಭಾರವನ್ನು ಪಕ್ಕಕ್ಕೆ ತಳ್ಳಲೇಬೇಕು, ಮತ್ತು ಕಮಾನಿಗೆ ಪ್ರತಿ ಕಲ್ಲನ್ನೂ ಓರೆಯಾಗಿ ಕಡೆಯಬೇಕು. ಅಷ್ಟು ಕಲ್ಲನ್ನು ಹತ್ತಿರದ ಗುಡ್ಡದಿಂದ ತಂದದ್ದು ಎತ್ತಲ್ಲ, ಕುದುರೆಯಲ್ಲ, ಕೈಗಾಡಿಗೆ ಹೂಡಿದ ಮನುಷ್ಯರು. ಜಾರ್ಜ್ ಗ್ರೋವರ್ ಎಂಬ ಚಾಟಿಯವನು, ತಾನೂ ಕೈದಿಯಾಗಿಯೇ ಬಂದವನು, 1832ರಲ್ಲಿ ಇದೇ ಸೇತುವೆಯ ಬಳಿ ಕೊಲೆಯಾದ. ಆತ ಗಾಡಿಯ ಕಲ್ಲಿನ ಮೇಲೆ ಕುಳಿತು ಎಳೆಯುವವರಿಗೆ ಬಾರಿಸುತ್ತಿದ್ದನೆಂದೂ ಈಗ ದೆವ್ವವಾಗಿ ತಿರುಗುತ್ತಿದ್ದಾನೆಂದೂ ಊರವರು ಹೇಳುತ್ತಾರೆ. ದೆವ್ವಗಳ ವಿಷಯದಲ್ಲಿ ನಮ್ಮ ಊರಿನ ಕಟ್ಟೆಗೂ ಇಲ್ಲಿಯ ಕಾಫಿ ಅಂಗಡಿಗೂ ಏನೂ ವ್ಯತ್ಯಾಸವಿಲ್ಲ.

ಮಧ್ಯಾಹ್ನ ದಾರಿಬದಿಯಲ್ಲಿ ಅವಲಕ್ಕಿ, ಚಟ್ನಿಪುಡಿ, ಮೊಸರು ತಿಂದು ಈಗಲ್‌ಹಾಕ್ ನೆಕ್ ತಲುಪಿದೆವು. ಟಾಸ್ಮನ್ ಪರ್ಯಾಯ ದ್ವೀಪವನ್ನು ಉಳಿದ ನೆಲಕ್ಕೆ ಹಿಡಿದಿಟ್ಟಿರುವ ಕತ್ತು ಇದು. ಒಂದು ಪಕ್ಕದಲ್ಲಿ ಅಲೆ, ಇನ್ನೊಂದು ಪಕ್ಕದಲ್ಲಿ ಕೊಲ್ಲಿ, ನಡುವೆ ಒಂದು ರಸ್ತೆಗೆ ಸಾಕಾಗುವಷ್ಟು ಮರಳು. ಆಚೆಗಿದ್ದ ಪೋರ್ಟ್ ಆರ್ಥರ್ ಸೆರೆಯಿಂದ ಯಾರೂ ತಪ್ಪಿಸಿಕೊಳ್ಳದಂತೆ ಇಲ್ಲಿ ಅಡ್ಡಲಾಗಿ ಸಾಲುನಾಯಿಗಳನ್ನು ಸರಪಳಿಯಲ್ಲಿ ಕಟ್ಟಿ, ದೀಪ ಹಚ್ಚಿ, ಸೈನಿಕರನ್ನು ನಿಲ್ಲಿಸಿದ್ದರು. ಬಿಲ್ಲಿ ಹಂಟ್ ಎಂಬವನು ಕಾಂಗರೂ ಚರ್ಮ ಹೊದ್ದು ಕುಪ್ಪಳಿಸಿಕೊಂಡು ಹೊರಟನಂತೆ. ಮಾಂಸಕ್ಕೆ ಆಸೆಪಟ್ಟ ಕಾವಲಿನವರು ಬಂದೂಕು ಎತ್ತಿದಾಗ ಚರ್ಮ ಕಿತ್ತೆಸೆದು ‘ನಾನು, ನಾನು’ ಎಂದು ಕೂಗಿದನಂತೆ. ಮಾರ್ಟಿನ್ ಕ್ಯಾಶ್ ಎಂಬವನು ಮಾತ್ರ 1842ರಲ್ಲಿ ಇಲ್ಲಿಯ ನೀರನ್ನು ಈಜಿ ದಾಟಿಯೇ ಹೋದ.

ಕಾಂಗರೂ ಕಥೆ ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ಈ ನೆಲದ ಇನ್ನೊಂದು ಕಥೆ ಅಷ್ಟು ಸುಲಭವಾಗಿ ಕಿವಿಗೆ ಬೀಳುವುದಿಲ್ಲ. ಕುರಿ ಮೇಯಿಸಲು ವಸಾಹತುಗಾರರು ಹುಲ್ಲುಗಾವಲುಗಳನ್ನು ವಶಪಡಿಸಿಕೊಂಡಾಗ ಅಲ್ಲಿ ಬದುಕಿದ್ದ ಮೂಲನಿವಾಸಿಗಳು ತಿರುಗಿಬಿದ್ದರು. 1828ರಲ್ಲಿ ಮಾರ್ಷಲ್ ಲಾ ಬಂತು. 1830ರಲ್ಲಿ ಆರ್ಥರ್ ಸುಮಾರು 2,200 ಗಂಡಸರನ್ನು, ಸೈನಿಕರು, ರೈತರು ಮತ್ತು ಕೈದಿಗಳನ್ನು ಸೇರಿಸಿ, ಬೇಟೆಯಲ್ಲಿ ಸೋಹು ಹೊಡೆಯುವಂತೆ ಸಾಲಾಗಿ ನಡೆಸಿ, ಮೂಲನಿವಾಸಿಗಳನ್ನು ಈ ಪರ್ಯಾಯ ದ್ವೀಪದ ಕಡೆಗೆ ಅಟ್ಟಲು ನೋಡಿದ. ಇದನ್ನು ‘ಬ್ಲ್ಯಾಕ್ ಲೈನ್’ ಎನ್ನುತ್ತಾರೆ. ವಾರಗಳ ಕಾಲ ನಡೆದ ಈ ಸಾಲು ಹಿಡಿದದ್ದು ಇಬ್ಬರನ್ನು, ಕೊಂದದ್ದು ಇಬ್ಬರನ್ನು. ಬಲೆ ಸೋತರೂ ಉದ್ದೇಶ ಸೋಲಲಿಲ್ಲ. ಉಳಿದವರನ್ನು ನಂತರದ ವರ್ಷಗಳಲ್ಲಿ ಮಾತಿನಿಂದ ಒಪ್ಪಿಸಿ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು, ಅಲ್ಲಿ ರೋಗದಿಂದ ಬಹುಪಾಲು ಜನ ತೀರಿಕೊಂಡರು. ಅವರ ವಂಶದವರು ಇಂದಿಗೂ ಈ ದ್ವೀಪದಲ್ಲಿದ್ದಾರೆ, ರಿಸ್ಡನ್ ಕೋವ್ ಜಾಗವನ್ನು 1995ರಲ್ಲಿ ಅವರಿಗೆ ಮರಳಿಸಲಾಗಿದೆ. ಸರಪಳಿಯಲ್ಲಿ ಬಂದವನ ಕೈಗೆ ಬಂದೂಕು ಕೊಟ್ಟು ನೆಲದ ಮಕ್ಕಳನ್ನು ಅಟ್ಟಲು ಕಳುಹಿಸಿದ ಅದೇ ವರ್ಷವೇ ಪೋರ್ಟ್ ಆರ್ಥರ್ ಆರಂಭವಾಯಿತು.

ನಾಲ್ಕನೆಯ ದಿನ: ಪೋರ್ಟ್ ಆರ್ಥರ್

ಇಲ್ಲಿ ಇಡೀ ದಿನ ಬೇಕು. 1830ರಲ್ಲಿ ಮರ ಕಡಿಯುವ ಶಿಬಿರವಾಗಿ ಶುರುವಾಗಿ, ವಸಾಹತಿಗೆ ಬಂದ ಮೇಲೆ ಮತ್ತೆ ತಪ್ಪು ಮಾಡಿದವರ ಸೆರೆಯಾಗಿ ಬೆಳೆದು, 1877ರಲ್ಲಿ ಮುಚ್ಚಿದ ಊರು ಇದು. ಕಾಡ್ಗಿಚ್ಚುಗಳು ಬಹಳಷ್ಟನ್ನು ಸುಟ್ಟಿವೆ. ಹುಲ್ಲುಹಾಸಿನ ಮೇಲೆ ಛಾವಣಿಯಿಲ್ಲದ ಕಟ್ಟಡಗಳು ಬಿಸಿಲಿಗೆ ಮೈಯೊಡ್ಡಿ ನಿಂತಿರುವುದನ್ನು ನೋಡಿದರೆ ಇದು ಸೆರೆಮನೆ ಎನಿಸುವುದಿಲ್ಲ. 1996ರಲ್ಲಿ ಇಲ್ಲಿ ಒಬ್ಬನ ಗುಂಡಿಗೆ 35 ಜನ ಬಲಿಯಾದರು. ಅವರ ನೆನಪಿನ ಕೊಳದ ಬಳಿ ಸ್ವಲ್ಪ ಹೊತ್ತು ನಿಂತು ಮುಂದೆ ನಡೆದೆವು.

ನನ್ನ ಕುತೂಹಲ ದಂಡೆಯ ಮೇಲಿನ ದೊಡ್ಡ ನಾಲ್ಕು ಮಹಡಿಯ ಕಟ್ಟಡದಲ್ಲಿತ್ತು. ಅದನ್ನು 1840ರ ದಶಕದಲ್ಲಿ ಕಟ್ಟಿದ್ದು ಹಿಟ್ಟಿನ ಗಿರಣಿ ಮತ್ತು ಉಗ್ರಾಣವೆಂದು. ನೀರಿನ ಚಕ್ರ ತಿರುಗಿಸಲು ಕಾಲುವೆ ತಂದರು, ನೀರು ಸಾಲಲಿಲ್ಲ. ನೀರು ಸಾಲದಾಗ ಮನುಷ್ಯರನ್ನು ತುಳಿಚಕ್ರಕ್ಕೆ ಹತ್ತಿಸಿದರು, ಮೆಟ್ಟಿಲು ಹತ್ತಿದಷ್ಟೂ ಕೆಳಗೆ ಜಾರುವ ಚಕ್ರವದು. ಹೊಳೆಯ ನೀರನ್ನು ವರ್ಷವಿಡೀ ಅಳೆಯದೆ ಚಕ್ರ ಕೂರಿಸುವ ತಪ್ಪು ನಮ್ಮ ಕಡೆಯೂ ಆಗಿದೆ, ಆದರೆ ಆ ಕೊರತೆಯನ್ನು ಕಾಲುಗಳಿಂದ ತುಂಬಿಸಿದ ಅಂದಾಜುಪಟ್ಟಿಯನ್ನು ನಾನು ನೋಡಿರಲಿಲ್ಲ. ಕೊನೆಗೆ ಗಿರಣಿಯನ್ನು ಕೈಬಿಟ್ಟು 1850ರ ದಶಕದಲ್ಲಿ ಕಟ್ಟಡವನ್ನೇ ಸೆರೆಮನೆಯಾಗಿ ಬದಲಿಸಿದರು; ಕೆಳಗೆ ಒಂಟಿ ಕೋಣೆಗಳು, ಮೇಲೆ ಸಾಲು ಮಂಚಗಳ ಹಾಲ್.

ಅದರ ಗೋಡೆಯ ಬಳಿ ಮಾರ್ಗದರ್ಶಿ ಒಂದು ಇಟ್ಟಿಗೆಯನ್ನು ತೋರಿಸಿದರು. ಹಸಿ ಮಣ್ಣಿನಲ್ಲಿದ್ದಾಗ ಎತ್ತಿಟ್ಟವನ ಬೆರಳು ಒತ್ತಿ, ಗೂಡಿನಲ್ಲಿ ಸುಟ್ಟು ಹಾಗೆಯೇ ಉಳಿದ ಗುಳಿ. ದ್ವೀಪದ ಹಳೆಯ ಇಟ್ಟಿಗೆಗಳಲ್ಲಿ ಇಂಥ ಗುರುತು ಅಪರೂಪವಲ್ಲವಂತೆ. ಕೆಲವು ಗುಳಿಗಳು ಬಹಳ ಸಣ್ಣವಿದ್ದವು. ಎದುರಿನ ಪಾಯಿಂಟ್ ಪ್ಯೂರ್ ಎಂಬ ಚಾಚಿನಲ್ಲಿ 1834ರಿಂದ 1849ರವರೆಗೆ ಹುಡುಗರಿಗೆಂದೇ ಸೆರೆಯಿತ್ತು, ಒಂಬತ್ತು ವರ್ಷದವರೂ ಅಲ್ಲಿದ್ದರು. ಅವರಿಗೆ ಬಡಗಿ ಕೆಲಸ, ಚಮ್ಮಾರಿಕೆ, ಕಲ್ಲುಕೆತ್ತನೆ ಕಲಿಸುತ್ತಿದ್ದರು. ಇಲ್ಲಿಯ ಚರ್ಚಿನ ಕೆಲವು ಕಲ್ಲುಗಳು ಆ ಹುಡುಗರ ಕೈಯವು. ಚರ್ಚಿನ ಪಾಳು ಗೋಡೆಯಲ್ಲಿ ಉಳಿಯ ಏಟಿನ ಅಂತರ ಬಹಳ ಒಂದೇ ಸಮನಾಗಿದೆ. ಕಲಿಸಿದ ಮೇಸ್ತ್ರಿ ಗಟ್ಟಿಗನಿರಬೇಕು.

ಗುಡ್ಡದ ಮೇಲಿನ ‘ಸೆಪರೇಟ್ ಪ್ರಿಸನ್’ ಬೇರೆಯೇ ಬಗೆಯದು. ಚಾಟಿಯಿಂದ ಬಗ್ಗದವನನ್ನು ಮೌನದಿಂದ ಬಗ್ಗಿಸಬಹುದು ಎಂಬ ಹೊಸ ಸಿದ್ಧಾಂತದ ಪ್ರಕಾರ, ಲಂಡನ್ನಿನ ಪೆಂಟನ್‌ವಿಲ್ ಜೈಲಿನ ಮಾದರಿಯಲ್ಲಿ 1849ರ ಸುಮಾರಿಗೆ ಕಟ್ಟಿದ್ದು. ಕೈದಿಯನ್ನು ಕರೆಯುವುದು ನಂಬರಿನಿಂದ. ಕೋಣೆಯಿಂದ ಹೊರಗೆ ಬಂದರೆ ಮುಖಕ್ಕೆ ಮುಸುಕು. ಕಾವಲಿನವರ ಕಾಲಿಗೂ ಸದ್ದಾಗದ ಚಪ್ಪಲಿ. ಪ್ರಾರ್ಥನಾಮಂದಿರದಲ್ಲಿ ಪ್ರತಿಯೊಬ್ಬನಿಗೂ ಬೀರುವಿನಂಥ ಒಂದೊಂದು ಮರದ ಗೂಡು; ಪಾದ್ರಿ ಕಾಣುತ್ತಾನೆ, ಪಕ್ಕದವನು ಕಾಣುವುದಿಲ್ಲ. ಆ ಗೂಡಿನಲ್ಲಿ ನಿಂತು ಮಗಳು “ಅಪ್ಪಾ” ಎಂದು ಕರೆದಳು. ಎರಡಡಿ ದೂರದಲ್ಲಿದ್ದರೂ ಅವಳು ಎಲ್ಲಿದ್ದಾಳೆಂದು ತಿಳಿಯಲಿಲ್ಲ. ಶಿಕ್ಷೆಯ ಕೋಣೆಯಲ್ಲಿ ಬಾಗಿಲ ಮೇಲೆ ಬಾಗಿಲು, ಒಳಗೆ ನನ್ನ ಕೈ ನನಗೇ ಕಾಣದಷ್ಟು ಕತ್ತಲು. ಆ ಕತ್ತಲಲ್ಲಿ ನಾನು ಒಂದು ನಿಮಿಷ ನಿಂತೆನೋ ಇಲ್ಲವೋ. ಮುಂದೆ ಅದರ ಪಕ್ಕದಲ್ಲೇ ಹುಚ್ಚರ ಆಸ್ಪತ್ರೆ ಕಟ್ಟಬೇಕಾಗಿ ಬಂತು.

ದೋಣಿಯಲ್ಲಿ ‘ಸತ್ತವರ ದ್ವೀಪ’ಕ್ಕೂ ಹೋಗಿ ಬಂದೆವು. ಸುಮಾರು 1,100 ಜನರನ್ನು ಹೂತಿರುವ ಸಣ್ಣ ನಡುಗಡ್ಡೆ. ಅಧಿಕಾರಿಗಳಿಗೂ ಸೈನಿಕರಿಗೂ ಎತ್ತರದ ಭಾಗ ಮತ್ತು ಹೆಸರು ಕೆತ್ತಿದ ಕಲ್ಲು, ಕೈದಿಗಳಿಗೆ ತಗ್ಗು. ಆ ಹೆಸರುಗಳನ್ನು ಕೆತ್ತಿದವರೂ ಕೈದಿಗಳೇ, ಅಲ್ಲಲ್ಲಿ ಅಕ್ಷರ ತಪ್ಪಿದೆ.

ಐದನೆಯ ದಿನ: ರಾಸ್, ಕ್ಯಾಂಪ್‌ಬೆಲ್ ಟೌನ್

ಉತ್ತರಕ್ಕೆ ಹೋಗುವ ಮಿಡ್‌ಲ್ಯಾಂಡ್ ಹೆದ್ದಾರಿಯ ಎರಡೂ ಕಡೆ ಒಣಗಿದ ಹುಲ್ಲು, ಕುರಿ, ಇಂಗ್ಲೆಂಡಿನಿಂದ ತಂದ ಹಾಥಾರ್ನ್ ಮುಳ್ಳಿನ ಬೇಲಿ. ರಾಸ್ ಊರಿಗೆ ಹೆಸರಿಟ್ಟವನೂ ಮಕ್ವಾರಿಯೇ, ಅಲ್ಲಿ ಹರಿಯುವ ನದಿಗೂ ಅವನದೇ ಹೆಸರು. ಊರ ನಡುವಿನ ನಾಲ್ಕು ಮೂಲೆಗಳಲ್ಲಿ ಹೋಟೆಲು, ಚರ್ಚು, ಟೌನ್ ಹಾಲ್, ಹಳೆಯ ಜೈಲು ಇದ್ದು, ಅವುಗಳಿಗೆ ಪ್ರಲೋಭನೆ, ಮೋಕ್ಷ, ವಿನೋದ, ನರಕ ಎಂದು ಹೆಸರಿಟ್ಟು ಜನ ನಗುತ್ತಾರೆ.

ಇಲ್ಲಿಯ 1836ರ ಮೂರು ಕಮಾನಿನ ಸೇತುವೆಯನ್ನು ನೋಡಲು ನಾನು ಏಳು ಸಮುದ್ರ ದಾಟಿ ಬಂದೆ ಎಂದರೂ ತಪ್ಪಿಲ್ಲ. ವಿನ್ಯಾಸ ಸರ್ಕಾರಿ ವಾಸ್ತುಶಿಲ್ಪಿ ಜಾನ್ ಲೀ ಆರ್ಚರನದು. ಕೆಲಸ ವರ್ಷಗಳ ಕಾಲ ಕುಂಟಿತು; ಕಲ್ಲು ಮಾಯವಾಗುತ್ತಿತ್ತು, ಅಳತೆ ಪುಸ್ತಕಕ್ಕೂ ಸ್ಥಳಕ್ಕೂ ತಾಳೆಯಾಗುತ್ತಿರಲಿಲ್ಲ. ಕೊನೆಗೆ ಕಲ್ಲುಕುಟಿಗರಾಗಿದ್ದ ಇಬ್ಬರು ಕೈದಿಗಳಿಗೆ, ಡೇನಿಯಲ್ ಹರ್ಬರ್ಟ್ ಮತ್ತು ಜೇಮ್ಸ್ ಕೋಲ್‌ಬೆಕ್ ಎಂಬವರಿಗೆ, ಉಸ್ತುವಾರಿ ಕೊಟ್ಟಾಗ ಸೇತುವೆ ಎದ್ದಿತು. ಕಮಾನಿನ ಅಂಚಿನ 186 ಕಲ್ಲುಗಳ ಮೇಲೆ ಎಲೆ, ಬಳ್ಳಿ, ಪ್ರಾಣಿ, ವಿಚಿತ್ರ ಮುಖಗಳು ಕೆತ್ತನೆಯಾಗಿವೆ. ಒಂದು ಮುಖ ಗವರ್ನರ್ ಆರ್ಥರನದೆನ್ನುತ್ತಾರೆ, ಇನ್ನೊಂದು ಐಸ್‌ಲ್ಯಾಂಡಿನಲ್ಲಿ ಕೆಲವು ವಾರ ತಾನೇ ದೊರೆಯೆಂದು ಮೆರೆದು ಕೊನೆಗೆ ಕೈದಿಯಾಗಿ ಇಲ್ಲಿ ಸೇರಿದ ಯೋರ್ಗೆನ್ ಯೋರ್ಗೆನ್ಸನ್ನನದಂತೆ. ಸೇತುವೆಯ ಬಲಕ್ಕೆ ಈ ಕೆತ್ತನೆಯಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಯಾವ ಅಂದಾಜುಪಟ್ಟಿಯೂ ಇದನ್ನು ಕೇಳಿರಲಾರದು. ಬೇಲೂರಿನ ಕಲ್ಲಿನಲ್ಲಿ ಶಿಲ್ಪಿ ತನ್ನ ಹೆಸರು ಕೆತ್ತಿದ್ದಾನೆ. ಇಲ್ಲಿ ಹರ್ಬರ್ಟನಿಗೆ ಆ ಸ್ವಾತಂತ್ರ್ಯವಿರಲಿಲ್ಲ, ಅವನು ಬೇಕಾದವರ ಮುಖ ಕೆತ್ತಿದ. ಇಬ್ಬರಿಗೂ ಕ್ಷಮಾದಾನ ಸಿಕ್ಕಿತು. ಕೂಲಿಯೆಂದು ಈ ದ್ವೀಪದಲ್ಲಿ ನಾನು ಕಂಡದ್ದು ಇದೊಂದನ್ನೇ.

ಕ್ಯಾಂಪ್‌ಬೆಲ್ ಟೌನಿನ ಕೆಂಪು ಸೇತುವೆ ಇಟ್ಟಿಗೆಯದು, 1836ರಿಂದ 1838ರವರೆಗೆ ಕಟ್ಟಿದ್ದು, 15 ಲಕ್ಷ ಇಟ್ಟಿಗೆ ಬೇಕಾಯಿತು. ಜಾಣತನವೆಂದರೆ ಮೊದಲು ಒಣ ನೆಲದ ಮೇಲೆ ಸೇತುವೆ ಕಟ್ಟಿ, ಆಮೇಲೆ ನದಿಯನ್ನು ಅದರ ಕೆಳಗೆ ತಿರುಗಿಸಿದರು. ಇಂದು ಅದರ ಮೇಲೆ ಭಾರಿ ಲಾರಿಗಳು ಓಡುತ್ತವೆ. ಊರಿನ ಕಾಲುದಾರಿಯಲ್ಲಿ ಕೆಂಪು ಇಟ್ಟಿಗೆಗಳ ಉದ್ದನೆಯ ಸಾಲು ಹಾಸಿದ್ದಾರೆ; ಪ್ರತಿಯೊಂದರ ಮೇಲೆ ಒಬ್ಬ ಕೈದಿಯ ಹೆಸರು, ಹಡಗು, ತಪ್ಪು, ಶಿಕ್ಷೆಯ ವರ್ಷಗಳು. ಬಹುಪಾಲು ಕಳವು, ಬಟ್ಟೆ, ಕುರಿ, ಇಂಥವು. ಬಹುಪಾಲು ಏಳು ವರ್ಷ. ನನ್ನಾಕೆ ಚಪ್ಪಲಿ ಕಾಲಿನಲ್ಲಿ ಹೆಸರು ತುಳಿಯಲು ಒಪ್ಪದೆ ಅಂಚಿನಲ್ಲೇ ನಡೆದಳು. “ಏನ್ರೀ ಇದು, ಸತ್ತ ಮೇಲೂ ಇವರನ್ನು ಇಟ್ಟಿಗೆಯಿಂದ ಬಿಡಲಿಲ್ಲವಲ್ಲ” ಎಂದಳು.

ಆರನೆಯ ದಿನ: ಬ್ರಿಕೆಂಡನ್, ವೂಲ್ಮರ್ಸ್

ಲಾಂಗ್‌ಫರ್ಡ್ ಬಳಿ ಮಕ್ವಾರಿ ನದಿಯ ಆಚೆ ಈಚೆ ಆರ್ಚರ್ ಮನೆತನದ ಎರಡು ಜಮೀನುಗಳು. ತಾಮಸ್ ಆರ್ಚರ್ ವೂಲ್ಮರ್ಸನ್ನು 1817ರಲ್ಲೂ ಅವನ ಸೋದರ ವಿಲಿಯಂ ಬ್ರಿಕೆಂಡನ್ನನ್ನು 1824ರಲ್ಲೂ ಆರಂಭಿಸಿದರು. ಆಗ ಸ್ವತಂತ್ರ ವಸಾಹತುಗಾರನಿಗೆ ಅವನು ತಂದ ಬಂಡವಾಳದ ಪ್ರಮಾಣಕ್ಕೆ ತಕ್ಕಂತೆ ನೆಲ ಪುಕ್ಕಟೆ ಸಿಗುತ್ತಿತ್ತು, 1831ರಲ್ಲಷ್ಟೇ ಅದು ನಿಂತಿತು. ನೆಲದ ಜೊತೆಗೆ ಆಳುಗಳೂ ಸಿಗುತ್ತಿದ್ದರು. ಊಟ, ಬಟ್ಟೆ, ಮಲಗಲು ಜಾಗ ಕೊಟ್ಟರಾಯಿತು, ಸಂಬಳವಿಲ್ಲ. ಯಜಮಾನ ತಾನೇ ಹೊಡೆಯುವಂತಿರಲಿಲ್ಲ, ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಆದರೆ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಪಕ್ಕದ ಜಮೀನಿನ ಯಜಮಾನರೇ. ನಡತೆ ಒಪ್ಪಿದರೆ ಕೆಲವು ವರ್ಷಗಳ ಮೇಲೆ ‘ಟಿಕೆಟ್ ಆಫ್ ಲೀವ್’ ದೊರೆತು ತನಗೆ ಬೇಕಾದಲ್ಲಿ ದುಡಿಯಬಹುದಿತ್ತು. ನಮ್ಮ ಕಡೆಯ ಜೀತಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ: ಇಲ್ಲಿಯದಕ್ಕೆ ಅವಧಿಯಿತ್ತು, ಮತ್ತು ಅದು ಮಗನಿಗೆ ಇಳಿಯುತ್ತಿರಲಿಲ್ಲ.

ಎರಡೂ ಜಮೀನುಗಳಲ್ಲಿ ಸೇರಿ ನೂರಕ್ಕೂ ಹೆಚ್ಚು ಕೈದಿಗಳು ದುಡಿಯುತ್ತಿದ್ದ ಕಾಲವಿತ್ತು. ಇವು 2010ರಿಂದ ವಿಶ್ವ ಪರಂಪರೆಯ ತಾಣಗಳು. ವೂಲ್ಮರ್ಸ್‌ನಲ್ಲಿ ಆರು ತಲೆಮಾರಿನ ಯಜಮಾನರ ಹೆಸರೂ ತಾಮಸ್ ಆರ್ಚರ್. ಕೊನೆಯವನು 1994ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮನೆಯಲ್ಲಿ ಅವರ ಪಿಂಗಾಣಿ, ಟೋಪಿ, ಕುರ್ಚಿಗಳೆಲ್ಲ ಇದ್ದಲ್ಲೇ ಇವೆ. ಬ್ರಿಕೆಂಡನ್ನಿನಲ್ಲಿ ಆರ್ಚರ್ ಕುಟುಂಬ ಇಂದಿಗೂ ಬೇಸಾಯ ಮಾಡುತ್ತಿದೆ. ಅಲ್ಲಿ ದೊಡ್ಡ ಮರದ ಕೊಟ್ಟಿಗೆಗಳು, ಕಮ್ಮಾರಸಾಲೆ, ಆಳುಗಳಿಗೆಂದು ಕಟ್ಟಿದ ಚಿಕ್ಕ ಚರ್ಚು, ಇಲಿ ಹತ್ತದಂತೆ ಕಂಬಗಳ ಮೇಲೆ ಎತ್ತರಿಸಿದ ಕಣಜ ಎಲ್ಲವೂ ಗಟ್ಟಿಯಾಗಿ ನಿಂತಿವೆ. ಕೈದಿ ಗಂಡಸರು ಮಲಗುತ್ತಿದ್ದ ಕಟ್ಟಡ ಎಲ್ಲಿ ಎಂದು ಕೇಳಿದೆ. ಅದು ಉಳಿದಿಲ್ಲ, ಹುಲ್ಲಿನಲ್ಲಿ ಜಾಗ ತೋರಿಸಿದರು. ಕಾಳಿಗೆ ಕಟ್ಟಿದ ಗೂಡು ಇದೆ, ಕಾಳು ಬೆಳೆದವನ ಗೂಡು ಇಲ್ಲ.

ವಿಮಾನಕ್ಕೆ ಇನ್ನೂ ಎರಡು ಗಂಟೆಯಿತ್ತು. ಹಳೆಯ ಚಟ, ಇಟ್ಟಿಗೆಯ ಕೋಳಿಮನೆಯೊಂದರ ಪಕ್ಕ ನಿಂತು ಮಗಳ ನೋಟ್‌ಪುಸ್ತಕದಲ್ಲಿ ಅಳತೆ ಬರೆಯತೊಡಗಿದೆ. ಉದ್ದ ಹೆಜ್ಜೆ ಲೆಕ್ಕದಲ್ಲಿ, ಎತ್ತರ ಇಟ್ಟಿಗೆಯ ವರಸೆ ಎಣಿಸಿ, ದಪ್ಪ ಕಿಟಕಿಯಲ್ಲಿ ಕೈ ಹಾಕಿ. ಘನ ಅಡಿ ಬಂತು, ಅದರಿಂದ ಇಟ್ಟಿಗೆಗಳ ಸಂಖ್ಯೆ, ಗಾರೆಯ ಪ್ರಮಾಣ, ಗವಂಡಿಯ ದಿನಗಳು, ಹೊರುವ ಆಳಿನ ದಿನಗಳು. “ಅಪ್ಪಾ, ಒಟ್ಟು ಎಷ್ಟಾಯಿತು?” ಎಂದಳು ಮಗಳು. ದರ ಹಾಕದೆ ಒಟ್ಟು ಬರುವುದಿಲ್ಲ ಎಂದೆ. ಕಾರಿನಲ್ಲಿ ಕುಳಿತ ನನ್ನಾಕೆ ಹೊತ್ತಾಯಿತೆಂದು ಹಾರ್ನ್ ಒತ್ತಿದಳು. ಆ ಪುಟವನ್ನು ಹರಿದು ಜೇಬಿನಲ್ಲಿಟ್ಟುಕೊಂಡು ಹೊರಟೆ.